ದಿನದ ಅನುಭವದಿಂದ ಕಿರು ಸಂದೇಶ: ವಚನವನ್ನು ತಿರುಚದೆ ಪಾಠ ತೆಗೆಯುವುದು ಹೇಗೆ?

ಹೊಸಚಿಗುರು:

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಮ್ಮ ಮನೆ ಪ್ರಾರ್ಥನಾ ಕೂಟದಲ್ಲಿ ವಾರಕ್ಕೊಬ್ಬರು ಏಳೆಂಟು ನಿಮಿಷದ ಕಿರು ಸಂದೇಶ ಕೊಡುತ್ತಾರೆ. ಮುಂದಿನ ಸರದಿ ನನ್ನದು. ದಿನನಿತ್ಯದ ಒಂದು ಅನುಭವ, ಅದಕ್ಕೊಂದು ವಚನ, ಕೊನೆಗೊಂದು ಪಾಠ, ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ದಾರಿ ಇದು. ನಾನು ಆರಿಸಿಕೊಂಡ ವಿಷಯ, ಕೆಲಸದಲ್ಲಿ ಸಿಗಬೇಕಾದ ಬಡ್ತಿ ತಡವಾಗುತ್ತಲೇ ಹೋಗುವುದು. ವಚನ ಯೆರೆಮೀಯ 29:11, ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಎಂದು ದೇವರು ಹೇಳುವ ಮಾತು.

ಕೇಳಬೇಕಾದ್ದು ಮೂರು. ಅನುಭವ ಮೊದಲೋ ವಚನ ಮೊದಲೋ? ನಾನು ಹೇಳುವ ಪಾಠ ನಿಜಕ್ಕೂ ಆ ವಚನದಲ್ಲಿ ಇದೆ ಅಂತ ಗೊತ್ತಾಗುವುದು ಹೇಗೆ? ಮನೆಯವರ, ಸಹೋದ್ಯೋಗಿಗಳ ವಿಷಯ ಎಷ್ಟರಮಟ್ಟಿಗೆ ಹೇಳಬಹುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಬೆರೋಯದವ:

ವಂದನೆಗಳು ಬ್ರದರ್. ಯಾವುದು ಮೊದಲು ಬರುತ್ತದೆ ಅನ್ನುವುದಕ್ಕಿಂತ ಕೊನೆಯ ಮಾತು ಯಾರದು ಅನ್ನುವುದು ಮುಖ್ಯ. ಅನುಭವ ನಿಮ್ಮನ್ನು ಸತ್ಯವೇದದ ಹತ್ತಿರ ಕರೆದುಕೊಂಡು ಬರಲಿ, ಅದರಲ್ಲಿ ತಪ್ಪಿಲ್ಲ. ಬಂದ ಮೇಲೆ ಮಾತಾಡಬೇಕಾದ್ದು ವಾಕ್ಯ. ಪಾಠ ಏನೆಂದು ಮೊದಲೇ ತೀರ್ಮಾನಿಸಿಕೊಂಡು, ಅದಕ್ಕೆ ಒಪ್ಪುವ ವಚನ ಹುಡುಕಲು ಹೊರಟರೆ ಆ ವಚನ ನಿಮ್ಮನ್ನು ತಿದ್ದಲಾರದು. ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ, ಅಷ್ಟೆ.

ನಿಮ್ಮದೇ ವಚನ ತೆಗೆದುಕೊಳ್ಳೋಣ. ಯೆರೆಮೀಯ 29 ಒಂದು ಪತ್ರ. ಯೆರೂಸಲೇಮಿನಲ್ಲಿದ್ದ ಪ್ರವಾದಿ, ಬಾಬೆಲಿಗೆ ಸೆರೆ ಹೋದವರಿಗೆ ಬರೆದದ್ದು. ಹಿಂದಿನ 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ, ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲೇ ಸಾರುತ್ತಾನೆ. ಕೇಳಿದವರಿಗೆ ಎಷ್ಟು ಹಿತವಾಗಿದ್ದಿರಬೇಕು! ಅದು ಸುಳ್ಳು. ಯೆರೆಮೀಯನ ಪತ್ರ ಹೇಳುವುದು ಬೇರೆಯೇ: ಮನೆ ಕಟ್ಟಿಕೊಂಡು ವಾಸಮಾಡಿ, ತೋಟ ಮಾಡಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೆರೆಯಾಗಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ (5ರಿಂದ 7). ಆಮೇಲೆ 10ನೇ ವಚನ: ಬಿಡುಗಡೆ ಆಗುವುದು 70 ವರ್ಷ ತುಂಬಿದ ಮೇಲೆ. ಇಷ್ಟು ಹೇಳಿದ ಮೇಲೆಯೇ 11ನೇ ವಚನ ಬರುತ್ತದೆ.

ಅಂದರೆ ಆ ಪತ್ರ ಓದಿಸಿ ಕೇಳಿದ ನಡುವಯಸ್ಸಿನವರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನು ಕಣ್ಣಾರೆ ನೋಡುತ್ತಿರಲಿಲ್ಲ. ಆದರೂ ವಾಗ್ದಾನ ಅವರಿಗೇ ಕೊಟ್ಟದ್ದು. "ತಡವಾದರೂ ನಿಮ್ಮ ಬಡ್ತಿ ಬಂದೇ ಬರುತ್ತದೆ" ಎಂದು ಇದೇ ವಚನ ಹಿಡಿದು ಹೇಳಿದರೆ, ಗೊತ್ತಿಲ್ಲದೆ ಹನನ್ಯನ ಪಕ್ಕದಲ್ಲಿ ನಿಂತಂತಾಗುತ್ತದೆ.

ಎಣ್ಣೆದೀಪ:

ಅಣ್ಣ ಹೇಳಿದ್ದು ಸರಿ. ತಯಾರಿಯನ್ನು ಕ್ರಮವಾಗಿ ಮಾಡುವುದು ಹೇಗೆ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಭಾಗದ ಗಡಿ ಗುರುತಿಸಿ. ವಚನಗಳ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ್ದು. ಪೌಲನಾಗಲಿ ಲೂಕನಾಗಲಿ ಸಂಖ್ಯೆ ಹಾಕಿ ಬರೆಯಲಿಲ್ಲ. ಎಷ್ಟೋ ಕಡೆ ಅಧ್ಯಾಯ ಮುಗಿದರೂ ಮಾತು ಮುಗಿದಿರುವುದಿಲ್ಲ. 1 ಕೊರಿಂಥ 10ರ ಕೊನೆಯ ಮಾತು 11:1ರಲ್ಲಿ ಮುಗಿಯುತ್ತದೆ, ನೋಡಿ. ಮಾತು ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಅನ್ನುವಲ್ಲಿ ಪೆನ್ಸಿಲ್ ಗುರುತು ಹಾಕಿ.

ಆ ಭಾಗವನ್ನು ಮೂರು ಸಲ ಓದಿ, ಒಂದು ಸಲವಾದರೂ ಗಟ್ಟಿಯಾಗಿ. ಆಮೇಲೆ ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ: ಮಾತಾಡುತ್ತಿರುವವರು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಇದಕ್ಕೆ ಮುಂಚೆ ಮತ್ತು ಆಮೇಲೆ ಏನಿದೆ. ನಂತರ "ಮೊದಲು ಕೇಳಿದವರಿಗೆ ಈ ಮಾತು ಇದನ್ನು ಹೇಳಿತು" ಎಂದು ಒಂದೇ ವಾಕ್ಯ ಬರೆಯಿರಿ. ಆ ವಾಕ್ಯದಲ್ಲಿ "ನಾನು", "ನಾವು" ಬರಕೂಡದು. ಕಷ್ಟವಾಗುವ ಹೆಜ್ಜೆ ಇದೇ. ಇದನ್ನು ಬಿಟ್ಟವರಿಗೇ ಮುಂದೆ ದಾರಿ ತಪ್ಪುತ್ತದೆ.

ಅದರ ಕೆಳಗೆ ನಮಗೆ ಏನು ಹೇಳುತ್ತದೆ ಎಂಬ ಎರಡನೇ ವಾಕ್ಯ. ಎರಡನ್ನೂ ಹೋಲಿಸಿ ನೋಡಿ. ಅವರ ಕಷ್ಟಕ್ಕೂ ನಮ್ಮ ಕಷ್ಟಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ? ಕ್ರಿಸ್ತನು ಬಂದ ಮೇಲೆ ಏನು ಬದಲಾಗಿದೆ? ಕೊನೆಯಲ್ಲಿ ನಿಮ್ಮ ಅನುಭವವನ್ನು ಪಕ್ಕಕ್ಕಿಟ್ಟು ನೋಡಿ. ಕೂಡಿಬಂದರೆ ಹೇಳಿ. ಬರದಿದ್ದರೆ ಬಿಡಬೇಕಾದ್ದು ಅನುಭವವನ್ನು, ವಚನವನ್ನಲ್ಲ.

"ಮಾತಾಡುತ್ತಿರುವವರು ಯಾರು" ಅನ್ನುವ ಪ್ರಶ್ನೆ ಬಹಳ ಸಣ್ಣದಾಗಿ ಕಾಣುತ್ತದೆ. ಯೋಬ 8:7 ನೋಡಿ: ಆರಂಭ ಅಲ್ಪವಾಗಿದ್ದರೂ ಅಂತ್ಯದಲ್ಲಿ ಬಹಳ ವೃದ್ಧಿ. ವಾಗ್ದಾನದ ಕಾರ್ಡಿಗೆ ಹೇಳಿ ಮಾಡಿಸಿದ ಮಾತು. ಹೇಳಿದವನು ಬಿಲ್ದದ, ಯೋಬನನ್ನು ಸಂತೈಸಲು ಬಂದ ಸ್ನೇಹಿತರಲ್ಲಿ ಒಬ್ಬ. "ನಿನ್ನ ಮಕ್ಕಳು ಸತ್ತದ್ದು ಅವರ ಪಾಪಕ್ಕೆ" ಎಂದು ಮಕ್ಕಳನ್ನು ಕಳೆದುಕೊಂಡ ತಂದೆಯ ಎದುರಿಗೆ ಕುಳಿತು ಹೇಳಿದ ಮಾತಿನ ಮುಂದುವರಿಕೆ ಅದು (8:4). 42:7ರಲ್ಲಿ ದೇವರು, ಈ ಸ್ನೇಹಿತರು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಎಂದು ಕೋಪಿಸಿಕೊಳ್ಳುತ್ತಾನೆ. ಹಾಗಂತ ಅವರು ಆಡಿದ್ದೆಲ್ಲ ಸುಳ್ಳಲ್ಲ. ಇನ್ನೊಬ್ಬ ಸ್ನೇಹಿತ ಎಲೀಫಜನ ಒಂದು ಮಾತನ್ನು (ಯೋಬ 5:13) ಪೌಲನೇ 1 ಕೊರಿಂಥ 3:19ರಲ್ಲಿ ಎತ್ತಿ ಹೇಳುತ್ತಾನೆ. ಆದರೆ ಬಿಲ್ದದನ ಮಾತನ್ನು "ದೇವರು ನಿಮಗೆ ಹೇಳುತ್ತಿದ್ದಾನೆ" ಎಂದು ಯಾರ ಕೈಗೂ ಕೊಡಬಾರದು.

ಸಾಕ್ಷಿಮಾತು:

ಅಕ್ಕ, ಅಣ್ಣ, ಒಂದು ಆಕ್ಷೇಪ ಇದೆ. ಹೀಗೆ ಎಲ್ಲವನ್ನೂ "ಅದು ಅವರಿಗೆ ಹೇಳಿದ್ದು, ಅದು ಬಾಬೆಲಿನವರಿಗೆ" ಎಂದು ಕಳಿಸುತ್ತಾ ಹೋದರೆ ನಮ್ಮ ಪಾಲಿಗೆ ಏನು ಉಳಿಯುತ್ತದೆ? ಹಿಂದೆ ಬರೆದದ್ದೆಲ್ಲ ನಮ್ಮ ಉಪದೇಶಕ್ಕಾಗಿ ಬರೆಯಲ್ಪಟ್ಟಿತು ಎಂದು ರೋಮ 15:4 ಹೇಳುವುದಿಲ್ಲವೇ? ಕಷ್ಟದಲ್ಲಿರುವ ಒಬ್ಬ ತಾಯಿ ರಾತ್ರಿ ಒಂದು ವಚನವನ್ನು ಎದೆಗೆ ಅಪ್ಪಿಕೊಂಡು ಮಲಗಿದರೆ, ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಇಬ್ರಿಯ 13:5 ನೋಡಿ. "ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ" ಅನ್ನುವುದು ಯೆಹೋಶುವನಿಗೆ ಹೇಳಿದ ಮಾತು. ಇಬ್ರಿಯರಿಗೆ ಪತ್ರ ಬರೆದವರು ಅದನ್ನೇ ತೆಗೆದು ಇಡೀ ಸಭೆಗೆ ಕೊಡುತ್ತಾರೆ.

ಬೆರೋಯದವ:

ಒಳ್ಳೆಯ ಕಡೆ ಕೈಯಿಟ್ಟಿರಿ. ಆ ತಾಯಿಯ ಕೈಯಿಂದ ಯಾರೂ ಕಿತ್ತುಕೊಳ್ಳಬಾರದು, ಒಪ್ಪುತ್ತೇನೆ. ಆದರೆ ಇಬ್ರಿಯ 13ರಲ್ಲಿ ಆ ಮಾತು ಹೇಗೆ ದಾಟಿ ಬಂತು ಎಂದು ಹತ್ತಿರದಿಂದ ನೋಡಿ.

ಯೆಹೋಶುವ 1:5ರಲ್ಲಿ ಒಂದು ಯುದ್ಧ, ಒಂದು ದೇಶ, ಒಬ್ಬ ನಾಯಕ. ಅದಕ್ಕೂ ಮುಂಚೆ ಧರ್ಮೋಪದೇಶಕಾಂಡ 31:6ರಲ್ಲಿ ಮೋಶೆ ಇಡೀ ಇಸ್ರಾಯೇಲಿಗೆ ಇದೇ ಮಾತು ಹೇಳಿದ್ದಾನೆ. ಇಬ್ರಿಯ 13:5ರಲ್ಲಿ ಯುದ್ಧವೂ ಇಲ್ಲ, ದೇಶವೂ ಇಲ್ಲ. "ನಿಮಗೂ ಶತ್ರುಗಳ ಮೇಲೆ ಜಯ, ನಿಮಗೂ ಭೂಮಿ" ಎಂದು ಅಲ್ಲಿ ಹೇಳುವುದೇ ಇಲ್ಲ. ದೇವರು ತನ್ನವರ ಜೊತೆ ಇರುತ್ತಾನೆ ಎಂಬ ಮಾತು ಮಾತ್ರ ದಾಟಿ ಬರುತ್ತದೆ. ಅದು ಬಂದು ಕೂರುವ ಜಾಗ ಯಾವುದು? ಹಣದಾಸೆ ಬೇಡ, ಇರುವುದರಲ್ಲಿ ತೃಪ್ತರಾಗಿರಿ ಅನ್ನುವ ಕಡೆ. ಅಂದರೆ ವಾಗ್ದಾನದೊಳಗಿರುವ ದೇವರ ಗುಣ ದಾಟಿ ಬರುತ್ತದೆ, ಆ ವಾಗ್ದಾನ ತೊಟ್ಟಿದ್ದ ಆ ಕಾಲದ ರೂಪ ಹಾಗೇ ದಾಟುವುದಿಲ್ಲ.

ಯೆರೆಮೀಯ 29ಕ್ಕೂ ಇದೇ ದಾರಿ. ಶಿಕ್ಷೆಯ ನಡುವೆಯೂ ತನ್ನ ಜನರನ್ನು ಮರೆಯದ ದೇವರು ನಮಗೂ ಇದ್ದಾನೆ. ಆ ತಾಯಿ ಅದನ್ನು ಅಪ್ಪಿಕೊಂಡೇ ಮಲಗಲಿ. 70 ವರ್ಷವಾಗಲಿ ಯೆರೂಸಲೇಮಿಗೆ ಮರಳುವುದಾಗಲಿ ನಮ್ಮ ಬಡ್ತಿಯ ತಾರೀಖಲ್ಲ.

ಸಾಕ್ಷಿಮಾತು:

ಹೀಗೆ ಹೇಳಿದರೆ ಒಪ್ಪುತ್ತೇನೆ ಅಣ್ಣ. ಗುಣ ಮತ್ತು ರೂಪ ಎಂಬ ಭೇದ ಕೂಟದಲ್ಲಿ ಹೇಳಿಕೊಡುವುದಕ್ಕೂ ಸುಲಭ.

ಹೊಸಚಿಗುರು:

ಕಣ್ಣು ತೆರೆದ ಹಾಗಾಯಿತು. ಹಾಗಾದರೆ ನನ್ನ ವಿಷಯವನ್ನೇ ಬಿಟ್ಟುಬಿಡಬೇಕೇ? ಅನುಭವ ಹೇಳುವುದರ ಬಗ್ಗೆಯೂ ಯಾರಾದರೂ ಬರೆಯಿರಿ.

ಗಿಲ್ಯಾದ್:

ವಿಷಯ ಬಿಡಬೇಡಿ ತಮ್ಮಾ, ತಿರುಗಿಸಿ. ಪತ್ರ ಅವರಿಗೆ ಮಾಡಲು ಹೇಳಿದ ಕೆಲಸ 5ರಿಂದ 7ರಲ್ಲಿದೆ. ಇರಲು ಮನಸ್ಸಿಲ್ಲದ ಜಾಗದಲ್ಲಿ ಬೇರೂರಿ ಕೆಲಸ ಮಾಡುವುದು, ಆ ಜಾಗದ ಕ್ಷೇಮಕ್ಕಾಗಿ ಪ್ರಾರ್ಥಿಸುವುದು. ಬಡ್ತಿ ತಡವಾದವನಿಗೆ ಕಷ್ಟವಾಗುವುದೂ ಇದೇ. ಮೇಲಧಿಕಾರಿಯ ಹೆಸರೆತ್ತಿ ಅವರ ಒಳಿತಿಗಾಗಿ ಪ್ರಾರ್ಥಿಸಲು ನಾಲಿಗೆ ಏಳುವುದಿಲ್ಲ. ಅದನ್ನು ಹೇಳಿ.

ಇನ್ನು ಅನುಭವದ ವಿಷಯ. ದೆವ್ವಗಳಿಂದ ಬಿಡುಗಡೆ ಹೊಂದಿದವನಿಗೆ ಯೇಸು ಹೇಳಿದ್ದು, ಮನೆಗೆ ಹೋಗಿ ಕರ್ತನು ನಿನಗೆ ಮಾಡಿದ ಉಪಕಾರವನ್ನು ಹೇಳು ಎಂದು (ಮಾರ್ಕ 5:19). ಆದ್ದರಿಂದ ಸಾಕ್ಷಿ ಹೇಳುವುದು ಆಜ್ಞೆಯೇ. ಕೆಡುವುದು ಎಲ್ಲಿ ಅಂದರೆ, ನನಗಾದದ್ದನ್ನು ಎಲ್ಲರಿಗೂ ನಿಯಮ ಮಾಡುವಾಗ. ಅಪೊಸ್ತಲರ ಕೃತ್ಯಗಳು 12 ಒಂದೇ ಅಧ್ಯಾಯ. 2ನೇ ವಚನದಲ್ಲಿ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾರೆ. 7ನೇ ವಚನದಲ್ಲಿ ಪೇತ್ರನ ಬೇಡಿಗಳು ಕಳಚಿ ಬೀಳುತ್ತವೆ. ಯಾಕೋಬನಿಗೆ ನಂಬಿಕೆ ಕಡಿಮೆಯಿತ್ತು ಎಂದು ಲೂಕನು ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಪೌಲನ ಶರೀರದ ಮುಳ್ಳು ಮೂರು ಸಲ ಬೇಡಿದರೂ ಹೋಗಲಿಲ್ಲ (2 ಕೊರಿಂಥ 12:8). ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ (2 ತಿಮೊಥೆಯ 4:20). ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ (1 ತಿಮೊಥೆಯ 5:23). ಗುಣವಾದವರ ಸಾಕ್ಷಿ ಹೇಳುವ ದಿನ ಈ ವಚನಗಳು ನೆನಪಿರಲಿ, ಯಾಕೆಂದರೆ ಗುಣವಾಗದವರೂ ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ.

ಬೇರೆಯವರ ವಿಷಯ ಹೇಳುವ ಮುಂಚೆ ಅವರ ಒಪ್ಪಿಗೆ ಬೇಕು. ಹೆಂಡತಿ, ಗಂಡ, ಮಕ್ಕಳು, ಎಲ್ಲರದ್ದೂ. ಹೆಸರು ಬಿಟ್ಟರೆ ಸಾಲದು. ಇಪ್ಪತ್ತು ಜನರ ಕೂಟದಲ್ಲಿ "ಒಬ್ಬ ಸಹೋದರಿ" ಅಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಸಂದೇಶ ಕೊಡುವ ಮುಂಚೆ ಆ ಮಾತುಗಳನ್ನೇ ಅವರಿಗೆ ಓದಿ ಹೇಳಿ, "ಇಷ್ಟು ಹೇಳಲೇ?" ಎಂದು ಕೇಳಿ. ಮಕ್ಕಳು ಹೂಂ ಅಂದರೂ ಅವರ ತಪ್ಪು, ಅವರ ಅಂಕ, ಅವರ ಭಯ, ಇವನ್ನು ಸಭೆಯ ಮುಂದೆ ತರಬೇಡಿ. ಅಪ್ಪ ಅಮ್ಮ ಕೇಳಿದರೆ ಬೇಡ ಅನ್ನಲು ಮಕ್ಕಳಿಗೆ ಆಗುವುದಿಲ್ಲ. ಪ್ರಾರ್ಥನಾ ವಿಷಯ ಎಂದು ನಿಮಗೆ ಗುಟ್ಟಾಗಿ ಹೇಳಿದ್ದು ಸಂದೇಶದೊಳಗೆ ಬರಲೇಬಾರದು. ಸಹೋದ್ಯೋಗಿಯನ್ನು ಬೈಯುವ ಅನುಭವವಾದರೆ ಬೇರೆ ಅನುಭವ ನೋಡಿ, ಏಕೆಂದರೆ ಉತ್ತರ ಕೊಡಲು ಅವರು ಅಲ್ಲಿರುವುದಿಲ್ಲ.

ಇನ್ನೂ ಮಾಯದ ಗಾಯವನ್ನೂ ಸದ್ಯಕ್ಕೆ ಇಟ್ಟುಕೊಳ್ಳಿ. ಹೇಳುವಾಗ ನಿಮಗೇ ಗಂಟಲು ಕಟ್ಟಿದರೆ ಕೇಳುವವರು ವಾಕ್ಯ ಬಿಟ್ಟು ನಿಮ್ಮನ್ನು ಸಂತೈಸಲು ಶುರುಮಾಡುತ್ತಾರೆ. ಅದು ಪಾಸ್ಟರ್ ಹತ್ತಿರವೋ ನಂಬಿಗಸ್ತ ಸ್ನೇಹಿತರ ಹತ್ತಿರವೋ ಕುಳಿತು ಹೇಳಿಕೊಳ್ಳಬೇಕಾದ ಮಾತು.

ಎಣ್ಣೆದೀಪ:

ಗಿಲ್ಯಾದ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅನುಭವಗಳಲ್ಲಿ ಬಹಳ ಸಲ ಬರುವುದು ಕ್ಷಮೆ. ಬಹಳ ಹಾನಿಯಾಗುವುದೂ ಅಲ್ಲೇ. ಮತ್ತಾಯ 18:21-35ನ್ನು ನಿಧಾನವಾಗಿ ನೋಡೋಣ. ಅರಸನು ಒಬ್ಬ ಆಳಿನ ಸಾಲವನ್ನೆಲ್ಲ ಬಿಟ್ಟುಕೊಡುತ್ತಾನೆ, ಆ ಆಳು ತನಗೆ ಸಾಲ ಕೊಡಬೇಕಾದ ಜೊತೆಯ ಆಳನ್ನು ಕ್ಷಮಿಸದೆ ಸೆರೆಗೆ ಹಾಕಿಸುತ್ತಾನೆ, ಇದು ಅಲ್ಲಿ ಯೇಸು ಹೇಳುವ ಸಾಮ್ಯ.

ಮೊದಲ ಆಳಿನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ (ಮತ್ತಾಯ 20:2). ಲೆಕ್ಕ ಹಾಕಿದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಹೆರೋದ ಅಂತಿಪನಿಗೆ ಗಲಿಲಾಯ ಮತ್ತು ಪೆರೆಯ ಸೀಮೆಗಳಿಂದ ಬರುತ್ತಿದ್ದ ವರ್ಷದ ಆದಾಯ 200 ತಲಾಂತು ಎಂದು ಇತಿಹಾಸಕಾರ ಯೋಸೇಫಸ್ ಬರೆದಿದ್ದಾನೆ. ಅಂದರೆ ಒಬ್ಬ ಅರಸನ 50 ವರ್ಷದ ಆದಾಯ. "ಸ್ವಲ್ಪ ತಾಳಿಕೋ, ಎಲ್ಲಾ ತೀರಿಸುತ್ತೇನೆ" ಎಂದು ಆ ಆಳು ಹೇಳುವ ಮಾತಿಗೆ ಅರ್ಥವೇ ಇಲ್ಲ.

ಎರಡನೆಯವನ ಸಾಲ ನೂರು ದಿನಾರಿ. ಇಲ್ಲಿ ಹೆಚ್ಚಿನವರು "ಅದು ಚಿಲ್ಲರೆ ಕಾಸು" ಎಂದುಬಿಡುತ್ತಾರೆ. ಅಲ್ಲ! ಅದು ನೂರು ದಿನದ ಕೂಲಿ, ವರ್ಷದ ದುಡಿಮೆಯ ಮೂರನೇ ಒಂದು ಪಾಲು. ಯಾರಾದರೂ ನಮಗೆ ಅಷ್ಟು ಕೊಡಬೇಕಿದ್ದರೆ ನಾವು ಚಿಲ್ಲರೆ ಅನ್ನುವುದಿಲ್ಲ. ನಿಮಗಾದ ಅನ್ಯಾಯ ಸಣ್ಣದು ಎಂದು ಯೇಸು ಹೇಳುವುದಿಲ್ಲ. ಅದು ನಿಜವಾದ ಸಾಲ. ನಮಗೆ ದೇವರು ಬಿಟ್ಟುಕೊಟ್ಟದ್ದು ಅದರ ಆರು ಲಕ್ಷ ಪಟ್ಟು ಎಂದು ಮಾತ್ರ ತೋರಿಸುತ್ತಾನೆ. ಈ ವ್ಯತ್ಯಾಸ ಬಿಟ್ಟರೆ, ನೊಂದವರಿಗೆ "ಅದೇನು ದೊಡ್ಡ ವಿಷಯವೇ, ಕ್ಷಮಿಸಿಬಿಡಿ" ಎಂದು ಹೇಳಿದ ಹಾಗಾಗುತ್ತದೆ. ಅದು ಈ ಸಾಮ್ಯ ಹೇಳುವ ಮಾತೇ ಅಲ್ಲ.

ಇನ್ನೊಂದು ಅಪಾಯ ಇದೆ. ಕ್ಷಮಿಸುವುದು ಬೇರೆ, ಮತ್ತೆ ನಂಬುವುದು ಬೇರೆ. ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ. ಆದರೆ ಆದಿಕಾಂಡ 42ರಿಂದ 44ರವರೆಗೆ ಅವರನ್ನು ಪರೀಕ್ಷಿಸಿ, ಕಿರಿಯ ತಮ್ಮ ಬೆನ್ಯಾಮೀನನಿಗೆ ಬದಲಾಗಿ ತಾನೇ ದಾಸನಾಗಿರುತ್ತೇನೆ ಎಂದು ಅಣ್ಣಂದಿರಲ್ಲಿ ಒಬ್ಬನಾದ ಯೆಹೂದನ ಬಾಯಿಂದ ಬಂದ ಮೇಲೆಯೇ 45ರಲ್ಲಿ ತಾನು ಯಾರೆಂದು ಹೇಳಿಕೊಳ್ಳುತ್ತಾನೆ. ಮತ್ತಾಯ 18ರಲ್ಲೇ ಈ ಸಾಮ್ಯಕ್ಕೆ ಮುಂಚೆ, ತಪ್ಪು ಮಾಡಿದವನನ್ನು ಒಬ್ಬನೇ ಹೋಗಿ ಎಚ್ಚರಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಎಂಬ ಕ್ರಮ ಇದೆ (15ರಿಂದ 17). ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ, ಮೈಮೇಲೆ ಕೈಹಾಕಿಸಿಕೊಂಡ ಮಕ್ಕಳಿಗೆ ಎಪ್ಪತ್ತೇಳು ಸಲ ಕ್ಷಮಿಸು ಎಂಬ ಮಾತು (18:22) ಹೇಳಿ ಅದೇ ಜಾಗಕ್ಕೆ ಕಳಿಸುವುದು ಪಾಪ. ಅವರನ್ನು ಮೊದಲು ಸುರಕ್ಷಿತ ಜಾಗಕ್ಕೆ ಸೇರಿಸಬೇಕು, ಕಾನೂನಿನ ಸಹಾಯ ಕೊಡಿಸಬೇಕು. ಕೆಟ್ಟದ್ದನ್ನು ನಡಿಸುವವನನ್ನು ದಂಡಿಸಲು ಅಧಿಕಾರಿಗಳನ್ನು ದೇವರೇ ಇಟ್ಟಿದ್ದಾನೆ ಎಂದು ರೋಮ 13:4 ಹೇಳುತ್ತದೆ. ಕಿರು ಸಂದೇಶದಲ್ಲಿ ಕ್ಷಮೆ ತೆಗೆದುಕೊಂಡರೆ ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಿ. ಕೇಳುವವರಲ್ಲಿ ಯಾರಿಗೆ ಅದು ಬೇಕಾಗಿದೆ ಎಂದು ನಮಗೆ ಗೊತ್ತಿರುವುದಿಲ್ಲ.

ಸಂಡೇಸ್ಕೂಲ್‌ಟೀಚರ್:

ಪಾಠದ ಕೊನೆಯ ಭಾಗದ ಬಗ್ಗೆ ಒಂದೆರಡು ಮಾತು. "ಆದ್ದರಿಂದ ನಾವೂ ಎಲ್ಲರನ್ನೂ ಪ್ರೀತಿಸೋಣ" ಎಂದು ಮುಗಿಸಿದರೆ ಆಮೆನ್ ಸಿಗುತ್ತದೆ. ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರುವುದಿಲ್ಲ. ಲೂಕ 3:10-14ರಲ್ಲಿ ಜನ ಬಂದು ಸ್ನಾನಿಕನಾದ ಯೋಹಾನನನ್ನು "ನಾವು ಏನು ಮಾಡಬೇಕು?" ಎಂದು ಕೇಳುತ್ತಾರೆ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರಿಗೆ, ನೇಮಕವಾದದ್ದಕ್ಕಿಂತ ಹೆಚ್ಚು ಕೇಳಬೇಡಿ. ಸಿಪಾಯಿಗಳಿಗೆ, ಬೆದರಿಸಿ ಕಿತ್ತುಕೊಳ್ಳಬೇಡಿ, ಸುಳ್ಳು ದೂರು ಹೇಳಬೇಡಿ, ನಿಮಗೆ ಬರುವ ಸಂಬಳ ಸಾಕೆಂದುಕೊಳ್ಳಿ. ಒಬ್ಬೊಬ್ಬರ ಕೆಲಸಕ್ಕೆ ತಕ್ಕಂತೆ ಉತ್ತರ. ಸುಂಕದವನಿಗೆ ಕೆಲಸ ಬಿಡು ಅನ್ನಲಿಲ್ಲ, ಆ ಕೆಲಸದಲ್ಲಿ ಎಲ್ಲಿ ಮೋಸ ನಡೆಯುತ್ತದೋ ಸರಿಯಾಗಿ ಅಲ್ಲಿಗೆ ಬೆರಳಿಟ್ಟ.

ಹಾಗೆಯೇ ನೀವೂ ಒಂದೇ ಒಂದು ಕೆಲಸ ಹೇಳಿ. ಯಾರು, ಏನು, ಯಾವಾಗ ಅನ್ನುವುದು ಅದರಲ್ಲಿ ಇರಲಿ. ಒಂದು ವಾರದಲ್ಲಿ ಮಾಡಿ ಮುಗಿಸುವಂಥದ್ದಾಗಿರಲಿ. ದುಡ್ಡಿಲ್ಲದವರೂ ಹಾಸಿಗೆ ಹಿಡಿದವರೂ ಮಾಡಬಹುದಾದ ಒಂದು ರೂಪವನ್ನೂ ಜೊತೆಗೆ ಹೇಳಿ. ಮೂರು ಕೆಲಸ ಹೇಳಿದರೆ ಒಂದನ್ನೂ ಮಾಡುವುದಿಲ್ಲ.

ಸಮಯದ ಲೆಕ್ಕ: ಎಂಟು ನಿಮಿಷ ಇದ್ದರೆ ಭಾಗವನ್ನು ಓದುವುದಕ್ಕೇ ಎರಡು ನಿಮಿಷ ಬಿಡಿ. ನಿಧಾನವಾಗಿ ಓದಿ, ಎಲ್ಲರೂ ಪುಟ ತೆಗೆಯುವವರೆಗೆ ಕಾಯಿರಿ. ಆ ಭಾಗ ಏನು ಹೇಳುತ್ತದೆ ಎನ್ನುವುದಕ್ಕೆ ಮೂರು ನಿಮಿಷ. ಅನುಭವಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಡ. ಉಳಿದದ್ದು ಮಾಡಬೇಕಾದ ಕೆಲಸಕ್ಕೆ ಮತ್ತು ಪ್ರಾರ್ಥನೆಗೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಬೇಗ ಮುಗಿಯುತ್ತದೆ, ಕೂಟದಲ್ಲಿ ಹೇಳುವಾಗ ಲೆಕ್ಕ ತಪ್ಪುತ್ತದೆ. ಹೆಚ್ಚಾದರೆ ಅನುಭವದಲ್ಲಿ ಕತ್ತರಿಸಿ, ವಾಕ್ಯದ ಓದಿನಲ್ಲಿ ಬೇಡ. ಒಂದೇ ಭಾಗ ಸಾಕು. ಐದು ಪುಸ್ತಕಗಳಿಂದ ಐದು ವಚನ ಕೊಟ್ಟರೆ ಜನ ಪುಟ ಹುಡುಕುವುದರಲ್ಲೇ ಇರುತ್ತಾರೆ.

ಸಾಕ್ಷಿಮಾತು:

ಟೀಚರ್, ಸಾವಿನ ಮನೆಯಲ್ಲಿ ಕೂಟ ಇದ್ದರೆ? ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಅನ್ನುವ ರೋಮ 8:28 ಹೇಳುವ ವಾಡಿಕೆ ಬಹಳ ಇದೆ.

ಸಂಡೇಸ್ಕೂಲ್‌ಟೀಚರ್:

ಆ ವಚನ ಸತ್ಯ. ಅದಕ್ಕೆ ಹೊತ್ತು ಮಾತ್ರ ನೋಡಬೇಕು. ಅಲ್ಲಿ ಹೇಳಿದ "ಹಿತ" ಏನೆಂದು 29ನೇ ವಚನ ತಿಳಿಸುತ್ತದೆ, ದೇವರ ಮಗನ ಸಾರೂಪ್ಯ ಹೊಂದುವುದು. ಅಷ್ಟು ವಿವರಿಸುವ ಜಾಗ ಅದಲ್ಲ. ಯೋಬನ ಸ್ನೇಹಿತರು ಸರಿಯಾಗಿ ಮಾಡಿದ ಒಂದು ಕೆಲಸ 2:13ರಲ್ಲಿದೆ, ಏಳು ದಿನ ಒಂದು ಮಾತೂ ಆಡದೆ ನೆಲದ ಮೇಲೆ ಜೊತೆಗೆ ಕುಳಿತದ್ದು. ಅಂಥ ಮನೆಯಲ್ಲಿ ಒಂದು ಪ್ರಲಾಪದ ಕೀರ್ತನೆಯನ್ನು ಪೂರ್ತಿ ಓದಿ, ಪ್ರಾರ್ಥಿಸಿ ಏಳಿ. 13ನೇ ಕೀರ್ತನೆಯಲ್ಲಿ ಆರೇ ವಚನ. 88ನೇ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ದೇವರು ಅದನ್ನೂ ತನ್ನ ಗ್ರಂಥದಲ್ಲಿ ಇರಗೊಟ್ಟಿದ್ದಾನೆ. ಊಟ ಬಿಟ್ಟು, ನಿದ್ದೆಗೆಟ್ಟವರಿಗೆ ಮೊದಲು ಅದನ್ನು ನೋಡಿಕೊಳ್ಳಿ. 1 ಅರಸುಗಳು 19ರಲ್ಲಿ ಸಾಯಬೇಕು ಎಂದು ಮಲಗಿದ ಎಲೀಯನಿಗೆ ದೇವದೂತ ಎರಡು ಸಲ ರೊಟ್ಟಿ, ನೀರು ಕೊಟ್ಟು ಮಲಗಲು ಬಿಡುತ್ತಾನೆ. "ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ ಬರುವುದು ನಲವತ್ತು ದಿನದ ಪ್ರಯಾಣ ಮುಗಿದ ಮೇಲೆ.

ಹೊಸಚಿಗುರು:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹಾಳೆಯಲ್ಲಿ ಬರೆದದ್ದನ್ನು ಇಲ್ಲಿ ಹಾಕುತ್ತೇನೆ, ತಿದ್ದಿ ಕೊಡಿ.

ಭಾಗ: ಯೆರೆಮೀಯ 29:4-7, 10-14.
ಮೊದಲು ಕೇಳಿದವರಿಗೆ: ಸೆರೆಯ ಕಾಲ ಉದ್ದವಾಗಿದ್ದರೂ ದೇವರು ತನ್ನ ಜನರನ್ನು ಬಿಟ್ಟಿಲ್ಲ, ಅಲ್ಲಿಯವರೆಗೆ ಅವರು ಬಾಬೆಲಿನಲ್ಲೇ ನೆಲೆಯಾಗಿ ಅದರ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕು.
ನಮಗೆ: ಬಯಸಿದ್ದು ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದಿದ್ದರೂ ದೇವರು ನಮ್ಮೊಂದಿಗಿದ್ದಾನೆ, ಈಗ ಇರುವ ಜಾಗದಲ್ಲೇ ಒಳ್ಳೆಯ ಕೆಲಸ ಮಾಡಬೇಕು.
ಅನುಭವ: ಬಡ್ತಿಯ ವಿಷಯ, ಕಚೇರಿಯವರ ಹೆಸರು, ಗುರುತು ಇಲ್ಲದೆ.
ಮಾಡಬೇಕಾದ್ದು: ನಮ್ಮ ಕೆಲಸದ ಜಾಗಕ್ಕಾಗಿ ಪ್ರಾರ್ಥಿಸುವುದು.

ಬೆರೋಯದವ:

ಬಹಳ ಚೆನ್ನಾಗಿದೆ ಬ್ರದರ್. ಎರಡು ಕಡೆ ತಿದ್ದಿಕೊಳ್ಳಿ. 8 ಮತ್ತು 9ನೇ ವಚನ ಯಾಕೆ ಬಿಟ್ಟಿರಿ? ನಿಮ್ಮ ಪ್ರವಾದಿಗಳು ನಿಮ್ಮನ್ನು ಮೋಸಗೊಳಿಸದಿರಲಿ ಎಂಬ ಎಚ್ಚರಿಕೆ ಅಲ್ಲಿದೆ. ಆ ಎರಡು ವಚನ ಇಲ್ಲದಿದ್ದರೆ 70 ವರ್ಷ ಅನ್ನುವ ಮಾತು ಯಾಕೆ ಅಷ್ಟು ಗಟ್ಟಿಯಾಗಿ ಬಂತು ಎಂದು ಕೇಳುವವರಿಗೆ ತಿಳಿಯುವುದಿಲ್ಲ. 4ರಿಂದ 14ರವರೆಗೆ ಬಿಡದೆ ಓದಿ, ಎರಡು ನಿಮಿಷದೊಳಗೆ ಮುಗಿಯುತ್ತದೆ.

ಮಾಡಬೇಕಾದ್ದು ಇನ್ನೂ ಹರಡಿಕೊಂಡಿದೆ. ಟೀಚರ್ ಹೇಳಿದ ಹಾಗೆ ಯಾರು, ಏನು, ಯಾವಾಗ ಸೇರಿಸಿ: "ಈ ವಾರ ಪ್ರತಿದಿನ ಕೆಲಸ ಶುರುಮಾಡುವ ಮುಂಚೆ, ನಮಗೆ ಹಿಡಿಸದ ಒಬ್ಬರ ಹೆಸರು ಹೇಳಿ ಅವರ ಕ್ಷೇಮಕ್ಕಾಗಿ ಪ್ರಾರ್ಥಿಸುವುದು." ಕೆಲಸಕ್ಕೆ ಹೋಗದ ಹಿರಿಯರಿಗೆ, ಓದುವ ಮಕ್ಕಳಿಗೆ ಬೆಳಿಗ್ಗೆ ಎದ್ದ ಕೂಡಲೇ ಎಂದು ಹೇಳಿ. ಪ್ರಾರ್ಥನೆಯಲ್ಲಿ "ಅವರ ಮನಸ್ಸು ಬದಲಾಯಿಸು" ಎಂದು ಶುರುಮಾಡದೆ, ಅವರ ಆರೋಗ್ಯ, ಅವರ ಮನೆ, ಅವರ ಮಕ್ಕಳು ಎಂದು ಶುರುಮಾಡಲು ಹೇಳಿ. 7ನೇ ವಚನದಲ್ಲಿ ಬಾಬೆಲಿಗಾಗಿ ಬೇಡಿಕೊಳ್ಳಲು ಹೇಳಿದ್ದು ಕ್ಷೇಮವನ್ನೇ.

ಹೊಸಚಿಗುರು:

ತಿದ್ದಿಕೊಂಡೆ ಅಣ್ಣ. 4ರಿಂದ 14, ಬಿಡದೆ ಓದುತ್ತೇನೆ.